ಹೇಳಿಕೊಳ್ಳಲಾಗದ ಜಾಗದ ಕಾಯಿಲೆಯೂ, ಸಾಯದೆ ಉಳಿದ ಒಂದು ನಾಯಿಯೂ

ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಬರಹ ಊಟ ಮಾಡುತ್ತಾ ಓದುವಂಥದ್ದಲ್ಲ. ಗಂಡುನಾಯಿಯ ಮರ್ಮಾಂಗದಲ್ಲಿ ಕಾಣಿಸಿಕೊಳ್ಳುವ ಕೆಂಪು, ಕಪ್ಪು, ಕೆರೆತ, ಗಂಟುಗಳ ಬಗ್ಗೆ ಬರೆಯಲು ಕೂತಿದ್ದೇನೆ. "ಥೂ, ಬ್ಲಾಗಿಗೆ ಹಾಕೋಕೆ ಇದೇ ಸಿಕ್ತಾ ನಿಮಗೆ?" ಅಂತ ಮನೆಯಲ್ಲಿ ಆಗಲೇ ಕೇಳಿಸಿಕೊಂಡಾಗಿದೆ. ಹನಿಗವನ, ಪ್ರವಾಸ ಕಥನ ಓದಲು ಬಂದ ಬ್ಲಾಗ್ ಮಿತ್ರರು ಕ್ಷಮಿಸಬೇಕು :-) ಆದರೆ ಸ್ವಲ್ಪ ತಾಳ್ಮೆಯಿಂದ ಓದಿ. ಈ ಹೇಳಿಕೊಳ್ಳಲಾಗದ ಜಾಗದಲ್ಲಿ ವಿಜ್ಞಾನದ ಇತಿಹಾಸದ ಒಂದು ದೊಡ್ಡ ಕಥೆಯೇ ಅಡಗಿದೆ. ಆ ಕಥೆಗೆ ಎರಡು ನೊಬೆಲ್ ವಿಜೇತರ ಹೆಸರು ತಗಲುತ್ತವೆ, ರಷ್ಯಾದ ಒಬ್ಬ ಪಶುವೈದ್ಯ ಬರುತ್ತಾನೆ, ನಮ್ಮ ಅಂಗಳದ ಒಂದು ಹೂವೂ ಬರುತ್ತದೆ.

ಮೊದಲು ಸಾಮಾನ್ಯ ಸಂಗತಿಗಳನ್ನು ಮುಗಿಸಿಬಿಡೋಣ. ಗಂಡುನಾಯಿಯ ಮುಂದೊಗಲಿನ ತುದಿಯಲ್ಲಿ ಒಂದಿಷ್ಟು ಹಳದಿ-ಬಿಳಿ ಲೋಳೆ ಕಾಣಿಸುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಪದೇ ಪದೇ ನೆಕ್ಕಿಕೊಂಡರೆ ಜೊಲ್ಲಿನಿಂದ ಅಲ್ಲಿನ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಚಿಗಟ, ಅಲರ್ಜಿ, ಯೀಸ್ಟ್ ಸೋಂಕುಗಳಿಂದ ಬಹಳ ದಿನ ಕೆರೆತವಿದ್ದರೆ ಚರ್ಮ ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ, ಆನೆಯ ಚರ್ಮದಂತೆ ದಪ್ಪಗಾಗುತ್ತದೆ. ಇವೆಲ್ಲ ವೈದ್ಯರು ನೋಡಿ ಔಷಧಿ ಕೊಟ್ಟರೆ ಹತೋಟಿಗೆ ಬರುವಂಥವು. ನನ್ನ ಕುತೂಹಲ ಕೆರಳಿಸಿದ್ದು ಇವಲ್ಲ, ಬೇರೆ ಎರಡು ಗುರುತುಗಳು. ಒಂದು ಗೆರೆ, ಇನ್ನೊಂದು ಗಂಟು.

*

ಗೆರೆಯ ಕಥೆ ಚಿಕ್ಕದು, ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ಗಂಡುನಾಯಿಗಳಿಗೆ ವಯಸ್ಸಾದ ಮೇಲೆ ಮುಂದೊಗಲಿನ ಕೆಳಭಾಗದಲ್ಲಿ, ತುದಿಯಿಂದ ವೃಷಣದ ಚೀಲದ ಕಡೆಗೆ, ಯಾರೋ ಪೆನ್ನಿನಿಂದ ಎಳೆದಂತೆ ಒಂದು ಸಣ್ಣ ಗೆರೆ ಮೂಡುತ್ತದೆ. ಒಮ್ಮೆ ಕೆಂಪು, ಒಮ್ಮೆ ಕಪ್ಪು. ನೋವಿಲ್ಲ, ಕೆರೆತವೂ ಅಷ್ಟಾಗಿ ಇರುವುದಿಲ್ಲ. ನೋಡಿದವರು "ಏನೋ ಕೊಳೆ" ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ತಿಳಿದ ಪಶುವೈದ್ಯರು ಈ ಗೆರೆ ಕಂಡ ಕೂಡಲೇ ನಾಯಿಯ ಎರಡೂ ವೃಷಣಗಳನ್ನು ಮುಟ್ಟಿ ನೋಡುತ್ತಾರೆ. ಒಂದು ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರಂತೂ ಅನುಮಾನ ಗಟ್ಟಿಯಾಗುತ್ತದೆ. ಕಾರಣ, ಅದು ವೃಷಣದ ಒಂದು ಬಗೆಯ ಗಡ್ಡೆಯ ಗುರುತಾಗಿರಬಹುದು.

ಆ ಗಡ್ಡೆ ಹುಟ್ಟುವ ಜೀವಕೋಶಗಳಿಗೆ ಸೆರ್ಟೋಲಿ ಕೋಶ ಅಂತ ಹೆಸರು. 1865ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ಎಂಬ ಇಪ್ಪತ್ತಮೂರರ ಹುಡುಗ ಸೂಕ್ಷ್ಮದರ್ಶಕದಲ್ಲಿ ಇವನ್ನು ನೋಡಿ ವಿವರಿಸಿದ. ವೀರ್ಯಾಣುಗಳನ್ನು ಮಡಿಲಲ್ಲಿ ಹಾಕಿಕೊಂಡು ಸಾಕುವ ದಾದಿಯರಿದ್ದ ಹಾಗೆ ಈ ಕೋಶಗಳು. ಸೆರ್ಟೋಲಿ ಮುಂದೆ ಮಿಲಾನಿನ ಪಶುವೈದ್ಯ ಶಾಲೆಯಲ್ಲೇ ಪ್ರಾಧ್ಯಾಪಕನಾದ.

ಈ ದಾದಿ ಕೋಶಗಳು ಕೆಟ್ಟು ಗಡ್ಡೆಯಾದರೆ ನಾಯಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಗಡ್ಡೆ ಹೆಣ್ಣು ಹಾರ್ಮೋನನ್ನು ಸುರಿಸತೊಡಗಬಹುದು. ಗಂಡುನಾಯಿಯ ಮೊಲೆತೊಟ್ಟುಗಳು ದೊಡ್ಡದಾಗುತ್ತವೆ, ಎರಡೂ ಪಕ್ಕೆಯ ಕೂದಲು ಒಂದೇ ಸಮ ಉದುರುತ್ತದೆ, ಬೇರೆ ಗಂಡುನಾಯಿಗಳು ಇದನ್ನೇ ಹೆಣ್ಣೆಂದು ತಿಳಿದು ಹಿಂದೆ ಬೀಳುತ್ತವೆ. ಜನ ನೋಡಿ ನಗುತ್ತಾರೆ. ನಗುವ ವಿಷಯವಲ್ಲ, ಆ ಹಾರ್ಮೋನು ಮಿತಿಮೀರಿದರೆ ಮೂಳೆಯ ಮಜ್ಜೆಯೇ ರಕ್ತ ತಯಾರಿಸುವುದನ್ನು ನಿಲ್ಲಿಸಿಬಿಡಬಹುದು. ಹೊತ್ತಿಗೆ ಸರಿಯಾಗಿ ವೃಷಣಗಳನ್ನು ತೆಗೆಸಿದರೆ ಬಹುಪಾಲು ನಾಯಿಗಳು ಚೇತರಿಸಿಕೊಳ್ಳುತ್ತವೆ.

ನಾಯಿಯ ಈ ಗಡ್ಡೆಗಳು ಹೆಣ್ಣು ಹಾರ್ಮೋನು ತಯಾರಿಸುವುದನ್ನು 1945ರಲ್ಲಿ ವಿವರಿಸಿದವರಲ್ಲಿ ಒಬ್ಬರು ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್. ಮನುಷ್ಯನ ಹಾಗೆಯೇ ವಯಸ್ಸಾದ ನಾಯಿಗೂ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುತ್ತದೆ, ಅದಕ್ಕೇ ಅವರು ನಾಯಿಗಳ ಹಿಂದೆ ಬಿದ್ದಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ಗಂಡು ಹಾರ್ಮೋನು ಬೇಕು, ಅದನ್ನು ತಡೆದರೆ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ತೋರಿಸಿದವರು ಇವರೇ. ಅದಕ್ಕಾಗಿ 1966ರಲ್ಲಿ ನೊಬೆಲ್ ಬಂತು.

ಆ ವರ್ಷದ ಬಹುಮಾನವನ್ನು ಹಗಿನ್ಸ್ ಜೊತೆ ಹಂಚಿಕೊಂಡವರು ಪೇಟನ್ ರೌಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಗಂಟಿನ ಕಥೆಯಲ್ಲಿ ಬೇಕಾಗುತ್ತದೆ.

*

ಇನ್ನು ಗಂಟು.

ಬೀದಿನಾಯಿಗಳನ್ನು ಗಮನಿಸುವವರಿಗೆ ಇದು ಹೊಸದಲ್ಲ. ಗಂಡುನಾಯಿಯ ಶಿಶ್ನದ ಬುಡದಲ್ಲಿ ಅಥವಾ ಮುಂದೊಗಲಿನ ಒಳಗೆ ಮೊದಲು ಒಂದು ಕೆಂಪು ಗುಳ್ಳೆ ಏಳುತ್ತದೆ. ಬರಬರುತ್ತಾ ಅದು ಹೂಕೋಸಿನ ಹಾಗೆ ಗಂಟುಗಂಟಾಗಿ ಅರಳುತ್ತದೆ, ಮುಟ್ಟಿದರೆ ರಕ್ತ. ನಾಯಿ ಹೋದಲ್ಲೆಲ್ಲ ಹನಿ ಹನಿ ರಕ್ತ ಬೀಳಿಸುತ್ತದೆ, ಕೂತಲ್ಲಿ ಕೂರದೆ ನೆಕ್ಕಿಕೊಳ್ಳುತ್ತದೆ. ಹೆಣ್ಣುನಾಯಿಗಳಿಗೂ ಬರುತ್ತದೆ, ಅಲ್ಲಿ ಜನ ಅದನ್ನು ಬೆದೆಯ ರಕ್ತ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಮೂಸಿ ನೆಕ್ಕುವ ಅಭ್ಯಾಸದಿಂದ ಮೂಗು, ಬಾಯಿಗೂ ಹತ್ತಬಹುದು. ಮನುಷ್ಯರಿಗೆ ಹರಡುವುದಿಲ್ಲ.

ಲಂಡನ್ನಿನ ಪಶುವೈದ್ಯ ಡೆಲಾಬೇರ್ ಬ್ಲೇನ್ 1810ರ ತನ್ನ ಪುಸ್ತಕದಲ್ಲಿ ಈ ರೋಗವನ್ನು ವಿವರಿಸಿದ್ದಾನೆ. ಅವನ ಕಾಲಕ್ಕೆ ಅದೊಂದು ಹುಣ್ಣು, ಅಣಬೆಯಂತೆ ಬೆಳೆಯುವ ದುರ್ಮಾಂಸ, ಅಷ್ಟೇ.

1876ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮ್ಸ್ತಿಸ್ಲಾವ್ ನೊವಿನ್‌ಸ್ಕಿ ಎಂಬ ಪಶುವೈದ್ಯ ಒಂದು ಪ್ರಯೋಗ ಮಾಡಿದ. ನಾಯಿಯ ಗಡ್ಡೆಯ ಸಣ್ಣ ತುಂಡುಗಳನ್ನು ಕತ್ತರಿಸಿ ಮರಿನಾಯಿಗಳಿಗೆ ನಾಟಿ ಮಾಡಿದ, ನಮ್ಮ ರೈತರು ಸಸಿ ಕಿತ್ತು ಬೇರೆ ಗದ್ದೆಗೆ ನೆಡುವ ಹಾಗೆ. ನಾಟಿ ಹಿಡಿಯಿತು! ಒಂದು ಪ್ರಾಣಿಯ ಗಡ್ಡೆ ಇನ್ನೊಂದು ಪ್ರಾಣಿಯಲ್ಲಿ ಬೇರೂರಿ ಬೆಳೆದ ಮೊದಲ ಯಶಸ್ವಿ ಪ್ರಯೋಗ ಅದು. ಇವತ್ತು ಪ್ರಪಂಚದ ಕ್ಯಾನ್ಸರ್ ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ಗಡ್ಡೆ ನಾಟಿ ಮಾಡಿ ಔಷಧಿ ಪರೀಕ್ಷಿಸುತ್ತಾರಲ್ಲ, ಆ ಇಡೀ ಪದ್ಧತಿಯ ಮೂಲಪುರುಷ ಈತ. ಆದರೆ ಅವನ ಹೆಸರನ್ನು ಪ್ರಪಂಚ ಬಹುಕಾಲ ಮರೆತೇಬಿಟ್ಟಿತ್ತು.

1890ರ ದಶಕದ ಕೊನೆಗೆ ಲಂಡನ್ನಿನಲ್ಲಿ ಸ್ಮಿತ್ ಮತ್ತು ವಾಶ್‌ಬರ್ನ್ ಎಂಬ ಇಬ್ಬರು, ಕೂಡುವುದರಿಂದಲೇ ಈ ಗಡ್ಡೆ ಹರಡುತ್ತದೆ ಎಂದು ತೋರಿಸಿದರು. ಮುಂದೆ 1904ರಿಂದ 1906ರ ನಡುವೆ ಜರ್ಮನಿಯ ಆಂಟನ್ ಸ್ಟಿಕರ್ ಇದನ್ನು ನಾಯಿಯಿಂದ ನಾಯಿಗೆ ದಾಟಿಸುತ್ತಾ ಕೂಲಂಕಷವಾಗಿ ಅಧ್ಯಯನ ಮಾಡಿದ. ಎಷ್ಟರಮಟ್ಟಿಗೆ ಅಂದರೆ, ಈ ರೋಗಕ್ಕೆ ಸ್ಟಿಕರನ ಗಡ್ಡೆ ಎಂಬ ಹೆಸರೇ ಬಂತು. ಗಡ್ಡೆಯ ಜೀವಕೋಶಗಳು ಬದುಕಿದ್ದರೆ ಮಾತ್ರ ರೋಗ ಅಂಟುತ್ತದೆ, ಕೊಂದು ಹಾಕಿದ ಕೋಶಗಳಿಂದ ಅಂಟುವುದಿಲ್ಲ ಎಂಬುದು ಆ ಕಾಲದ ಕೆಲಸದಿಂದ ಹೊರಬಿತ್ತು.

ಈಗ ಪೇಟನ್ ರೌಸ್ ಬರುತ್ತಾರೆ. 1911ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಕೋಳಿಯ ಗಡ್ಡೆಯೊಂದನ್ನು ಅರೆದು, ಜೀವಕೋಶಗಳು ದಾಟಲಾಗದ ಶೋಧಕದಲ್ಲಿ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಕ್ಯಾನ್ಸರ್ ಬಂತು. ಕಾರಣ ವೈರಸ್. ಯಾರೂ ಬೇಗ ನಂಬಲಿಲ್ಲ, ನೊಬೆಲ್ ಬರುವ ಹೊತ್ತಿಗೆ ರೌಸರಿಗೆ 87 ವರ್ಷ. ಅಲ್ಲಿಂದ ಮುಂದೆ ಅಂಟುವ ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ವೈರಸ್ ಹುಡುಕುವುದು ವಾಡಿಕೆಯಾಯಿತು. ನಾಯಿಯ ಗಂಟಿನಲ್ಲೂ ಹುಡುಕಿದರು. ಆದರೆ ರೋಗ ಹರಡುವ ವೈರಸ್ ಅಲ್ಲಿರಲಿಲ್ಲ.

ಹಾಗಾದರೆ ಅಂಟುತ್ತಿರುವುದು ಏನು?

ಸುಳಿವು ಸಿಕ್ಕಿದ್ದು ವರ್ಣತಂತುಗಳಲ್ಲಿ. ನಾಯಿಯ ಪ್ರತಿ ಜೀವಕೋಶದಲ್ಲಿ 78 ವರ್ಣತಂತುಗಳಿರುತ್ತವೆ. 1950-60ರ ದಶಕಗಳಲ್ಲಿ ಈ ಗಂಟಿನ ಕೋಶಗಳನ್ನು ಎಣಿಸಿ ನೋಡಿದವರಿಗೆ ಸಿಕ್ಕಿದ್ದು 59ರ ಆಸುಪಾಸು. ಎಷ್ಟೋ ತಂತುಗಳು ಒಂದಕ್ಕೊಂದು ಅಂಟಿಕೊಂಡು ಬೇರೆಯೇ ಆಕಾರ ತಾಳಿದ್ದವು. ಬೇರೆ ಬೇರೆ ದೇಶದ ನಾಯಿಗಳಲ್ಲಿ ನೋಡಿದರೂ ಹೆಚ್ಚುಕಡಿಮೆ ಇದೇ ಲೆಕ್ಕ. ಪ್ರತಿ ನಾಯಿಯ ಕ್ಯಾನ್ಸರ್ ಅದರದೇ ಮೈಯಿಂದ ಹುಟ್ಟಿದ್ದರೆ ಎಲ್ಲ ಕಡೆ ಒಂದೇ ಬಗೆಯಾಗಿ ಕೆಡುವುದು ಹೇಗೆ ಸಾಧ್ಯ?

2006ರಲ್ಲಿ ಉತ್ತರ ಖಚಿತವಾಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ರಾಬಿನ್ ವೈಸ್, ಕ್ಲಾಡಿಯೊ ಮುರ್ಜಿಯಾ ಮತ್ತು ಸಂಗಡಿಗರು ಇಟಲಿ, ಕೀನ್ಯಾ ಮತ್ತು ನಮ್ಮ ಭಾರತದ ನಾಯಿಗಳಿಂದ ಗಡ್ಡೆಯ ಮಾದರಿ ತೆಗೆದರು. ಜೊತೆಗೆ ಅದೇ ನಾಯಿಗಳ ರಕ್ತವನ್ನೂ ತೆಗೆದು ಎರಡರ ಡಿಎನ್ಎ ಹೋಲಿಸಿದರು. ಗಡ್ಡೆಯ ಡಿಎನ್ಎ ಅದನ್ನು ಹೊತ್ತ ನಾಯಿಯ ಡಿಎನ್ಎಗೆ ಹೊಂದಲೇ ಇಲ್ಲ. ಬದಲಿಗೆ ಎಲ್ಲೆಲ್ಲಿಂದಲೋ ಬಂದ ಗಡ್ಡೆಗಳು ಒಂದಕ್ಕೊಂದು ಹೊಂದಿದವು!

ಅಂದರೆ, ನಮ್ಮ ಬೀದಿಯ ನಾಯಿಯ ಮೈಮೇಲಿರುವ ಗಂಟು ಆ ನಾಯಿಯದಲ್ಲ. ಇನ್ಯಾವುದೋ ನಾಯಿಯದು. ಕೀನ್ಯಾದ ನಾಯಿಯ ಮೇಲಿರುವುದೂ ಅದೇ ನಾಯಿಯದು. ಎಂದೋ ಒಂದು ಕಾಲದಲ್ಲಿ ಒಂದೇ ಒಂದು ನಾಯಿಗೆ ಕ್ಯಾನ್ಸರ್ ಬಂತು. ಆ ನಾಯಿ ಸತ್ತಿತು. ಅದರ ಕ್ಯಾನ್ಸರ್ ಕೋಶಗಳು ಮಾತ್ರ ಸಾಯುವ ಮೊದಲೇ ಇನ್ನೊಂದು ನಾಯಿಗೆ ದಾಟಿಕೊಂಡಿದ್ದವು. ಅಲ್ಲಿಂದ ಮತ್ತೊಂದಕ್ಕೆ, ಮಗದೊಂದಕ್ಕೆ... ಇವತ್ತಿಗೂ ದಾಟುತ್ತಲೇ ಇವೆ.

ಎಂದೋ ಅಂದರೆ ಎಂದು? ಈ ಲೆಕ್ಕ ಬದಲಾದ ಬಗೆಯೂ ಸ್ವಾರಸ್ಯವಾಗಿದೆ. 2006ರಲ್ಲಿ ಹೇಳಿದ್ದು 200ರಿಂದ 2,500 ವರ್ಷ. 2014ರಲ್ಲಿ ಎಲಿಜಬೆತ್ ಮರ್ಚಿಸನ್ ಮತ್ತು ತಂಡ ಗಡ್ಡೆಯ ಇಡೀ ಜೀನೋಮನ್ನು ಓದಿ ಸುಮಾರು 11,000 ವರ್ಷ ಅಂದರು. ಮನುಷ್ಯನ ಕ್ಯಾನ್ಸರುಗಳಲ್ಲಿ ಸಾಮಾನ್ಯವಾಗಿ ಕೆಲವು ಸಾವಿರ ಡಿಎನ್ಎ ಬದಲಾವಣೆಗಳಿದ್ದರೆ ಇದರಲ್ಲಿ ಸುಮಾರು 19 ಲಕ್ಷ! 2019ರಲ್ಲಿ ಅದೇ ಬಳಗ 43 ದೇಶಗಳ 546 ಗಡ್ಡೆಗಳನ್ನು ಹೋಲಿಸಿ ವಂಶವೃಕ್ಷ ಬರೆದು, ಲೆಕ್ಕವನ್ನು 4,000ದಿಂದ 8,500 ವರ್ಷಕ್ಕೆ ತಿದ್ದಿತು. ಹುಟ್ಟಿದ್ದು ಏಷ್ಯಾದಲ್ಲಿ. ಸಾವಿರಾರು ವರ್ಷ ಅಲ್ಲೇ ಇದ್ದು, ಸುಮಾರು 2,000 ವರ್ಷದ ಹಿಂದೆ ಸುತ್ತಲಿನ ನಾಡುಗಳಿಗೆ ಹರಡಿತು. ಸುಮಾರು 500 ವರ್ಷದ ಹಿಂದೆ ಯುರೋಪಿನವರ ಹಡಗುಗಳಲ್ಲಿ ಹೋದ ನಾಯಿಗಳ ಜೊತೆ ಅಮೆರಿಕ ಖಂಡ ಸೇರಿ, ಅಲ್ಲಿಂದ ಪ್ರಪಂಚ ಸುತ್ತಿತು.

ಕನ್ನಡಿಗರಿಗೆ ಅಂದಾಜಾಗಲಿ ಅಂತ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮಗೆ ಗೊತ್ತಿರಬಹುದು. ಕ್ರಿ.ಶ. 949-50ರ ಕಾಲದ್ದು, ಕಾಡುಹಂದಿಯ ಜೊತೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗೆ ನಿಲ್ಲಿಸಿದ ವೀರಗಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾಳಿ ಬೇಟೆಗೆ ಹೊರಟ ದಿನಕ್ಕಾಗಲೇ ಈ ಗಂಟಿಗೆ ಕಡಿಮೆಯೆಂದರೂ ಮೂರು ಸಾವಿರ ವರ್ಷ ವಯಸ್ಸಾಗಿತ್ತು. ಕಾಳಿಯ ನೆನಪನ್ನು ಕಲ್ಲಿನಲ್ಲಿ ಕೆತ್ತಿಸಿ ಉಳಿಸಬೇಕಾಯಿತು. ಆ ಹೆಸರಿಲ್ಲದ ನಾಯಿ ಕಲ್ಲಿನ ಹಂಗಿಲ್ಲದೆ ಮಾಂಸದಲ್ಲೇ ಉಳಿದಿದೆ.

ಅದು ಎಂಥ ನಾಯಿ? ಅದನ್ನೂ ಡಿಎನ್ಎ ಓದಿ ಊಹಿಸಿದ್ದಾರೆ. ಈಗಿನ ಅಲಾಸ್ಕನ್ ಮಾಲಮ್ಯೂಟ್ ತರಹದ, ಮಧ್ಯಮದಿಂದ ದೊಡ್ಡ ಗಾತ್ರದ ನಾಯಿ. ಅದರ ಹತ್ತಿರದ ನೆಂಟರು ಯಾರೆಂದು 2018ರಲ್ಲಿ ತಿಳಿಯಿತು. ಯುರೋಪಿನವರು ಹೋಗುವ ಮೊದಲು ಅಮೆರಿಕದಲ್ಲಿ ಮೂಲನಿವಾಸಿಗಳ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಗಳು. ಆ ನಾಯಿಗಳ ವಂಶ ಇವತ್ತು ಹೆಚ್ಚುಕಡಿಮೆ ಪೂರ್ತಿ ಅಳಿದುಹೋಗಿದೆ. ಅವುಗಳ ಅತಿ ಹತ್ತಿರದ ಬಂಧು ಅಂತ ಇವತ್ತು ಉಳಿದಿರುವುದು ನಾಯಿಯಲ್ಲ, ಈ ಕ್ಯಾನ್ಸರ್. ಇದನ್ನು ಓದಿದ ದಿನ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಇಡೀ ಕುಲ ಅಳಿದ ಮೇಲೆ ಮನೆತನದ ಹೆಸರು ಹೇಳಲು ಒಂದು ರೋಗ ಮಾತ್ರ ಉಳಿದಿದೆ!

ಇನ್ನೊಂದು ಸೋಜಿಗ. ಪ್ರತಿ ಜೀವಕೋಶಕ್ಕೂ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಒಲೆಗಳಿರುತ್ತವಲ್ಲ. ಇಷ್ಟು ಸಾವಿರ ವರ್ಷದಲ್ಲಿ ಅವು ಸವೆದುಹೋಗಬೇಕಿತ್ತು. ಈ ಗಂಟು ಏನು ಮಾಡಿದೆ ಗೊತ್ತೇ? ತಾನು ಕೂತ ನಾಯಿಗಳಿಂದಲೇ ಆಗಾಗ ಹೊಸ ಒಲೆಗಳನ್ನು ಕದ್ದುಕೊಂಡಿದೆ. ಕನಿಷ್ಠ ಐದು ಸಲ ಹಾಗಾಗಿದೆ ಎಂದು 2016ರಲ್ಲಿ ಪ್ರಕಟವಾಯಿತು. ಬಿಸಿಲಿನ ಗುರುತೂ ಇದರ ಡಿಎನ್ಎಯಲ್ಲಿ ಉಳಿದಿದೆ. ಭೂಮಧ್ಯರೇಖೆಗೆ ಹತ್ತಿರದ ಊರುಗಳ ಗಡ್ಡೆಗಳಲ್ಲಿ ಬಿಸಿಲಿನ ನೇರಳಾತೀತ ಕಿರಣದ ಗಾಯಗಳು ಹೆಚ್ಚು.

ಇಂಥ ಅಂಟುವ ಕ್ಯಾನ್ಸರ್ ಪ್ರಕೃತಿಯಲ್ಲಿ ತೀರಾ ಅಪರೂಪ. ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದ 'ಟಾಸ್ಮೇನಿಯನ್ ಡೆವಿಲ್' ಎಂಬ ಪ್ರಾಣಿಗಳಲ್ಲಿ 1996ರಲ್ಲಿ ಮುಖದ ಮೇಲಿನ ಗಡ್ಡೆಯಾಗಿ ಒಂದು ಕಾಣಿಸಿಕೊಂಡಿತು, ಕಚ್ಚಾಡುವಾಗ ಹರಡುತ್ತದೆ. ಆ ಪ್ರಾಣಿಯ ಸಂತತಿಯನ್ನೇ ಅದು ನುಂಗುತ್ತಾ ಬಂದಿದೆ. ಸಮುದ್ರದ ಚಿಪ್ಪುಜೀವಿಗಳಲ್ಲೂ 2015ರಿಂದ ಈಚೆಗೆ ಕೆಲವು ಗೊತ್ತಾಗಿವೆ.

*

ಇಷ್ಟು ಓದಿದ ಮೇಲೆ "ಅಷ್ಟು ಹಳೆಯ ಕ್ಯಾನ್ಸರ್, ಇನ್ನು ಔಷಧಿ ಎಲ್ಲಿ?" ಅನ್ನಿಸುತ್ತದೆ ಅಲ್ಲವೇ? ತಮಾಷೆಯೆಂದರೆ, ಸುಲಭವಾಗಿ ಗುಣವಾಗುವ ಕ್ಯಾನ್ಸರುಗಳಲ್ಲಿ ಇದೂ ಒಂದು.

ನಮ್ಮ ಬೀದಿಯಲ್ಲಿ ಕರಿಯ ಅಂತ ಒಂದು ನಾಯಿಯಿತ್ತು. ಯಾರದೂ ಅಲ್ಲ, ಎಲ್ಲರ ಮನೆಯ ಮುಂದೂ ಅದಕ್ಕೊಂದು ತಟ್ಟೆ. ಅದಕ್ಕೆ ಈ ಗಂಟು ಬಂದು ರಕ್ತ ತೊಟ್ಟಿಕ್ಕತೊಡಗಿದಾಗ ತಟ್ಟೆಗಳು ಒಂದೊಂದಾಗಿ ಒಳಗೆ ಹೋದವು. ರಂಗೋಲಿಯ ಮೇಲೆ ರಕ್ತ ಬೀಳುತ್ತದೆ ಅಂತ ಒಬ್ಬರು ನೀರು ಎರಚಿದರು. "ಮಕ್ಕಳ ಕಣ್ಣಿಗೆ ಬೀಳೋ ಹಾಗಿದೆ, ಎಲ್ಲಾದ್ರೂ ದೂರ ಬಿಟ್ಟು ಬನ್ನಿ ಸಾರ್" ಅಂತ ಇನ್ನೊಬ್ಬರು ನನಗೇ ಹೇಳಿದರು. ಕೊನೆಗೆ ಎದುರುಮನೆಯ ಅಜ್ಜಿ, "ಅದೇನು ಬೇಕಂತ ಮಾಡ್ಕೊಂಡಿದ್ಯೇನಪ್ಪಾ, ಡಾಕ್ಟ್ರಿಗೆ ತೋರ್ಸಬಾರ್ದಾ" ಅಂದರು. ನಾನೂ ಆಟೋ ಓಡಿಸುವ ಹುಡುಗನೊಬ್ಬನೂ ಸೇರಿ ಗೋಣಿಚೀಲದಲ್ಲಿ ಸುತ್ತಿ ಕರೆದುಕೊಂಡು ಹೋದೆವು. ಪಶುವೈದ್ಯರು ನೋಡಿದವರೇ ವಾರಕ್ಕೊಂದರಂತೆ ಇಂಜೆಕ್ಷನ್ ಬರೆದುಕೊಟ್ಟರು. ಐದು ಸಲ ಹೋಗಿ ಬಂದೆವು. ಮೂರನೇ ವಾರಕ್ಕೇ ಗಂಟು ಬಾಡಿದ ಹೂವಿನಂತೆ ಸುಕ್ಕಿತ್ತು, ಆರನೇ ವಾರಕ್ಕೆ ಅಲ್ಲೊಂದು ಗಂಟಿತ್ತು ಅನ್ನುವ ಗುರುತೂ ಇರಲಿಲ್ಲ.

ಆ ಇಂಜೆಕ್ಷನ್ನಿನ ಹೆಸರು ವಿನ್‌ಕ್ರಿಸ್ಟಿನ್. ಅದು ಬಂದದ್ದು ನಿತ್ಯಪುಷ್ಪದಿಂದ! ಹೌದು, ತುಳಸಿಕಟ್ಟೆಯ ಪಕ್ಕ, ಸಮಾಧಿಯ ಮೇಲೆ, ಗೋಡೆಯ ಬಿರುಕಿನಲ್ಲಿ ಯಾರೂ ನೀರು ಹಾಕದಿದ್ದರೂ ಅರಳುವ ಅದೇ ಗುಲಾಬಿ-ಬಿಳಿ ಹೂವು. ಕೆಲವು ಕಡೆ ಕಾಶಿ ಕಣಗಿಲೆ ಅನ್ನುತ್ತಾರೆ. ಮೂಲದಲ್ಲಿ ಮಡಗಾಸ್ಕರಿನ ಗಿಡ. ಅದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲೂ ಇದೆ, ದೂರದ ಜಮೈಕಾದಲ್ಲೂ ಇತ್ತು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಲು ಹೊರಟರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಹಾಗಾದರೆ ಬಿಳಿ ರಕ್ತಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಆಗಬಹುದಲ್ಲ! ಹಾಗೆ 1958ರಲ್ಲಿ ವಿನ್‌ಬ್ಲಾಸ್ಟಿನ್ ಬಂತು, ಹಿಂದೆಯೇ ಅದರ ತಮ್ಮ ವಿನ್‌ಕ್ರಿಸ್ಟಿನ್ ಬಂದು 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಔಷಧಿಗಳಲ್ಲಿ ಇವತ್ತಿಗೂ ಅದು ಮುಖ್ಯವಾದದ್ದು. ಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎಳೆಯುವ ಹಗ್ಗಗಳೇ ಹೆಣೆಯದಂತೆ ತಡೆಯುವುದು ಅದರ ಕೆಲಸ. (ದಯವಿಟ್ಟು ಯಾರೂ ನಿತ್ಯಪುಷ್ಪದ ಎಲೆ ಅರೆದು ನಾಯಿಗೆ ಕುಡಿಸಬೇಡಿ, ಅದು ವಿಷ. ಶುದ್ಧಮಾಡಿದ ಔಷಧಿಯೂ ನರದೊಳಗೆ ಸರಿಯಾಗಿ ಹೋಗದಿದ್ದರೆ ಸುತ್ತಲ ಮಾಂಸವನ್ನು ಕೊಳೆಸುತ್ತದೆ. ವೈದ್ಯರೇ ಕೊಡಬೇಕು.)

*

2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಈ ಗಂಟು ಕನಿಷ್ಠ 90 ದೇಶಗಳಲ್ಲಿ ನೆಲೆಯೂರಿದೆ. ಆದರೆ 1810ರಲ್ಲಿ ಬ್ಲೇನ್ ಇದನ್ನು ವಿವರಿಸಿದ ಬ್ರಿಟನ್ನಿನಲ್ಲಿ ಈಗ ಇದಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿ ಮಾಯವಾಯಿತು. ಯಾರೂ ಇದನ್ನೇ ಗುರಿಯಿಟ್ಟು ಓಡಿಸಿದ್ದಲ್ಲ. ನಾಯಿಗಳು ಬೀದಿಯಲ್ಲಿ ಬೇಕಾಬಿಟ್ಟಿ ಅಲೆಯುವುದು ನಿಂತ ಮೇಲೆ ದಾಟಲು ದಾರಿಯಿಲ್ಲದೆ ತಾನೇ ಹೋಯಿತು ಎಂದು ತಿಳಿದವರ ಊಹೆ. ನಮ್ಮಲ್ಲಿ 2001ರಿಂದ ಬೀದಿನಾಯಿಗಳ ಸಂತಾನಹರಣಕ್ಕೆ ನಿಯಮಗಳಿವೆ, 2023ರಲ್ಲಿ ಅವು ಹೊಸದಾಗಿ ಬಂದವು. ಬೀದಿನಾಯಿಯ ಮಾತೆತ್ತಿದರೆ ನಾವು ಕಚ್ಚುವುದರ ಬಗ್ಗೆ, ಹುಚ್ಚು ನಾಯಿ ರೋಗದ ಬಗ್ಗೆ ಜಗಳವಾಡುತ್ತೇವೆ, ಅದು ಬೇಕಾದದ್ದೇ. ಆದರೆ ಒಂದು ನಾಯಿಗೆ ಸಂತಾನಹರಣ ಮಾಡಿಸಿದರೆ ಕೂಡುವುದು ಕಡಿಮೆಯಾಗಿ ಈ ಆರು ಸಾವಿರ ವರ್ಷದ ಸವಾರನಿಗೆ ಒಂದು ಕುದುರೆ ಕಡಿಮೆಯಾಗುತ್ತದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ.

ನಾಯಿಪಾಡು ಅಂತ ನಮ್ಮ ಭಾಷೆಯಲ್ಲಿ ಸುಮ್ಮನೆ ಹೇಳುವುದಿಲ್ಲ. ನೋವಾದ ಜಾಗ ಯಾವುದು ಎನ್ನುವುದರ ಮೇಲೆ ನಮ್ಮ ಮರುಕ ಹೆಚ್ಚುಕಡಿಮೆಯಾಗುತ್ತದೆ. ಕಾಲು ಮುರಿದ ನಾಯಿಗೆ ಬಟ್ಟೆ ಕಟ್ಟುವವರು, ಇಲ್ಲಿ ರಕ್ತ ಸೋರುವ ನಾಯಿಯನ್ನು ಕಂಡರೆ ಮುಖ ತಿರುಗಿಸುತ್ತಾರೆ. ನೊವಿನ್‌ಸ್ಕಿ, ಸ್ಟಿಕರ್, ಹಗಿನ್ಸ್ ಇವರೆಲ್ಲ ಮುಖ ತಿರುಗಿಸದೆ ನೋಡಿದ್ದರಿಂದಲೇ ಇಷ್ಟು ತಿಳಿಯಿತು. ನಾವು ವಿಜ್ಞಾನಿಗಳಾಗಬೇಕಿಲ್ಲ. ಗೆರೆಯೋ ಗಂಟೋ ಕಂಡರೆ ಒಂದು ಸಲ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿದರೆ ಸಾಕು.

ನಿಮ್ಮ ಕಡೆ ಈ ಗಂಟಿಗೆ ಹಳ್ಳಿಗಳಲ್ಲಿ ಏನಾದರೂ ಹೆಸರಿದೆಯೇ? ನಿತ್ಯಪುಷ್ಪಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ? ಗೊತ್ತಿದ್ದರೆ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.